ಆ ಕಿಟಕಿಯ ಬಳಿ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು

ಪ್ರಿಯ ಲೇಖಕರೇ,

ಜಪಾನಿನ ಒಸಾಕಾ ನಗರದ ಶಿನ್‌ಸೆಕಾಯ್ ಪೇಟೆಯ ಬಗ್ಗೆ ನೀವು ಕಳುಹಿಸಿದ ಪ್ರವಾಸ ಕಥನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಒಂದು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಅದಕ್ಕೆ ಕಾರಣ ಆರನೆಯ ಪುಟದ ಎರಡು ವಾಕ್ಯಗಳು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲ ಪುಟದಲ್ಲೇ 'ಕಾಲವೇ ಇಲ್ಲಿ ನಿಂತುಹೋಗಿದೆ' ಎಂದಿದ್ದೀರಿ. ಮೂರನೆಯ ಪುಟದಲ್ಲಿ ಮತ್ತೆ ಅದೇ ಮಾತು. ಹಳೆಯ ಪೇಟೆಗೆ ಹೋಗಿಬಂದವರೆಲ್ಲ ಬರೆಯುವ ವಾಕ್ಯವಿದು. ಶಿನ್‌ಸೆಕಾಯ್ ಮಟ್ಟಿಗಂತೂ ಸುಳ್ಳು. ಆ ಹೆಸರಿನ ಅರ್ಥವೇ 'ಹೊಸ ಜಗತ್ತು'. 1903ರ ಕೈಗಾರಿಕಾ ವಸ್ತುಪ್ರದರ್ಶನ ನಡೆದ ಜಾಗದಲ್ಲಿ 1912ರಲ್ಲಿ ಅದನ್ನು ಕಟ್ಟಿದವರು ಪ್ಯಾರಿಸ್ಸನ್ನೂ ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಎಂಬ ವಿನೋದತಾಣವನ್ನೂ ಕಣ್ಮುಂದೆ ಇಟ್ಟುಕೊಂಡಿದ್ದರು. ಅಲ್ಲೊಂದು ಗೋಪುರ ಎಬ್ಬಿಸಿ, ಅದರಿಂದ ಲೂನಾ ಪಾರ್ಕ್ ಎಂಬ ಮನರಂಜನಾ ಉದ್ಯಾನಕ್ಕೆ ರೋಪ್‌ವೇ ಹಾಕಿದ್ದರು. ಪಾರ್ಕು ಹೆಚ್ಚು ಕಾಲ ಬಾಳಲಿಲ್ಲ. 1943ರಲ್ಲಿ ಬೆಂಕಿ ತಗುಲಿದ ಮೇಲೆ ಗೋಪುರವನ್ನೂ ಬಿಚ್ಚಿ ಕಬ್ಬಿಣವನ್ನು ಯುದ್ಧಕ್ಕೆ ಕೊಟ್ಟರು. ನೀವು 'ಶತಾಯುಷಿ' ಎಂದು ಕರೆದಿರುವ ತ್ಸೂತೆನ್‌ಕಾಕು, ಪೇಟೆಯ ವ್ಯಾಪಾರಿಗಳು ಹಟ ಹಿಡಿದು 1956ರಲ್ಲಿ ಎಬ್ಬಿಸಿದ ಎರಡನೆಯ ಗೋಪುರ. ಟೋಕಿಯೊ ಟವರಿನ ವಿನ್ಯಾಸ ಮಾಡಿದ ನಾಯ್ತೊ ತಾಚೂ ಅವರೇ ಇದನ್ನೂ ರೂಪಿಸಿದರು. ನಾಳೆಯನ್ನು ತೋರಿಸಲೆಂದು ಕಟ್ಟಿದ ಪೇಟೆಗೆ ಇಂದು ಜನ ನಿನ್ನೆಯನ್ನು ಹುಡುಕಿಕೊಂಡು ಬರುತ್ತಾರೆ. ಇದು ಹೇಗಾಯಿತು ಎಂಬ ಪ್ರಶ್ನೆ ನಿಮ್ಮ ಹನ್ನೊಂದು ಪುಟಗಳಲ್ಲಿ ಎಲ್ಲೂ ಏಳುವುದಿಲ್ಲ.

ಇನ್ನೊಂದು ವಿಷಯ ನನಗೆ ನಿಜಕ್ಕೂ ನೋವು ತಂದಿತು. 2022ರ ನವೆಂಬರಿನ ಭೇಟಿ ಎಂದು ಹೇಳಿ, ಹೊಟ್ಟೆ ಉಬ್ಬಿಸಿದ ಫುಗು ಮೀನಿನ ದೈತ್ಯ ಲಾಂದ್ರದ ಕೆಳಗೆ ನಿಂತೆ ಎಂದು ಬರೆದಿದ್ದೀರಿ. ಆ ಲಾಂದ್ರ ತೂಗುತ್ತಿದ್ದ ಹೋಟೆಲು ಕೋವಿಡ್ ಕಾಲದಲ್ಲಿ ಮುಚ್ಚಿತು. 2020ರ ಸೆಪ್ಟೆಂಬರಿನಲ್ಲೇ ಲಾಂದ್ರವನ್ನು ಇಳಿಸಿದರು. ಯಾವುದೋ ಹಳೆಯ ಫೋಟೊ ನೋಡಿ ಬರೆದಿದ್ದೀರಿ. ದಯವಿಟ್ಟು ಹೀಗೆ ಮಾಡಬೇಡಿ. ಓದುಗರು ನಿಮ್ಮ ಕಣ್ಣನ್ನು ನಂಬಿ ಅಷ್ಟು ದೂರ ಬಂದಿರುತ್ತಾರೆ. ಲಾಂದ್ರ ಇಳಿದ ಮೇಲೆ ಆ ಬೀದಿ ಹೇಗಿತ್ತು ಎಂದು ಬರೆದಿದ್ದರೆ ನಾನು ಆಸೆಯಿಂದ ಓದುತ್ತಿದ್ದೆ.

ಕುಶಿಕಾತ್ಸು ತಿಂದ ಪ್ಯಾರಾ ಇರಲಿ. ಕಡ್ಡಿಗೆ ಚುಚ್ಚಿ ಕರಿದ ತುಂಡನ್ನು ಎಲ್ಲರಿಗೂ ಸೇರಿದ ಸಾಸಿನಲ್ಲಿ ಒಂದೇ ಸಲ ಅದ್ದಬೇಕು, ಸಾಲದಿದ್ದರೆ ಎಲೆಕೋಸಿನಿಂದ ಮೊಗೆದುಕೊಳ್ಳಬೇಕು ಎಂಬುದು ಚೆನ್ನಾಗಿ ಬಂದಿದೆ. 'ಬಾಯಲ್ಲಿ ನೀರೂರಿತು' ಎಂಬುದನ್ನು ಹೊಡೆದುಹಾಕಿ.

ಈಗ ಆರನೆಯ ಪುಟ. ಗಿರಾಕಿಗಳನ್ನು ಕರೆಯಲು ನುಡಿಸುತ್ತಿದ್ದ ಶಾಮಿಸೆನ್ ತಂತಿವಾದ್ಯದ ಸದ್ದನ್ನೇ ಹೆಸರಾಗಿ ಪಡೆದ ಜಾನ್‌ಜಾನ್ ಯೊಕೊಚೊ ಎಂಬ ಇಕ್ಕಟ್ಟಿನ ಗಲ್ಲಿ. ಅಲ್ಲಿ ಶೋಗಿ ಎಂಬ ಜಪಾನಿ ಚದುರಂಗ ಆಡುವ ಮನೆಯ ಕಿಟಕಿಯ ಗಾಜಿನಾಚೆ ಕಂಡವರ ಬಗ್ಗೆ ನೀವು ಬರೆದದ್ದು: 'ಆ ಮುದುಕರು ಮಣೆಯಿಂದ ಕಣ್ಣೆತ್ತಲಿಲ್ಲ. ಹೊಡೆದ ಕಾಯಿಗಳನ್ನು ಅಂಗೈಯಲ್ಲಿ ಟಿಕಟಿಕ ಅನ್ನಿಸುತ್ತಲೇ ಇದ್ದರು.' ನಾನು ಪೆನ್ಸಿಲ್ ಕೆಳಗಿಟ್ಟದ್ದು ಇಲ್ಲಿ. ನಮ್ಮ ಚದುರಂಗದಲ್ಲಿ ಹೊಡೆದ ಕಾಯಿಯ ಕಥೆ ಮುಗಿಯಿತು. ಶೋಗಿಯಲ್ಲಿ ಹೊಡೆದವರು ಅದನ್ನು ತಮ್ಮದಾಗಿ ಮತ್ತೆ ಮಣೆಗೆ ಇಳಿಸಬಹುದು. ಆ ಕೈ ಬಹುಶಃ ಯಾವ ಮನೆಗೆ ಇಳಿಸಲಿ ಎಂದು ಲೆಕ್ಕ ಹಾಕುತ್ತಿತ್ತು. ನಿಯಮ ಗೊತ್ತಿಲ್ಲದೆಯೂ ನಿಮ್ಮ ಕಿವಿ ಆ ಸದ್ದನ್ನು ಹಿಡಿದಿದೆ. ಇದು ಕಲಿಸಿದರೆ ಬರುವಂಥದ್ದಲ್ಲ. ಅಂಥದ್ದಕ್ಕೆ ಎರಡೇ ವಾಕ್ಯ ಕೊಟ್ಟು ಸ್ಮರಣಿಕೆಯ ಅಂಗಡಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ.

ಮೊದಲ ಐದು ಪುಟಗಳನ್ನು ಪಕ್ಕಕ್ಕಿಟ್ಟು ಆ ಗಾಜಿನಿಂದಲೇ ಶುರು ಮಾಡಿ. ಅಲ್ಲಿ ಎಷ್ಟು ಹೊತ್ತು ನಿಂತಿರಿ? ಜೊತೆಗೆ ನಿಂತು ನೋಡುವವರು ಇದ್ದರೇ? ಸೋತವರು ಎದ್ದುಹೋದರೇ, ಮತ್ತೆ ಕಾಯಿ ಜೋಡಿಸಿದರೇ? ನೆನಪಿರುವಷ್ಟನ್ನೇ ಬರೆಯಿರಿ, ನಾಲ್ಕು ಪುಟ ಸಾಕು. ಯುಗಾದಿ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ