ಅನುಭವ ಪತ್ರದಲ್ಲಿ ಏನಿರಬೇಕು?

ಪ್ರಶ್ನೆ: ಕೆನಡಾದಲ್ಲಿ ಕಾಯಂ ನೆಲೆಸಲು ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಅರ್ಜಿ ಹಾಕುತ್ತಿದ್ದೇನೆ. ಮೈಸೂರಿನ ಹಳೇ ಕಂಪನಿ ‘ಇಂತಿಂಥ ವರ್ಷ ಕೆಲಸ ಮಾಡಿದ್ದಾರೆ’ ಎಂದಷ್ಟೇ ಬರೆದುಕೊಟ್ಟಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರಿದೆ. ಏನು ಮಾಡಲಿ?
– ಓದುಗರು, ಮಂಡ್ಯ

ಉತ್ತರ: ಆ ಪತ್ರ ಸಾಲದು. ಕಂಪನಿಯ ಲೆಟರ್‌ಹೆಡ್‌ನಲ್ಲಿ ಹುದ್ದೆ, ಸೇರಿದ ಮತ್ತು ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ವಾರ್ಷಿಕ ಸಂಬಳ, ಮುಖ್ಯ ಕೆಲಸಗಳ ವಿವರ, ಸಹಿ ಹಾಕಿದವರ ಹೆಸರು ಮತ್ತು ಹುದ್ದೆ ಎಲ್ಲ ಇರಬೇಕು. ಹೆಚ್ಚಿನವರು ಎಡವುವುದು ಗಂಟೆಯ ಲೆಕ್ಕ ಬಿಟ್ಟು. ಕೆಲಸದ ವಿವರವನ್ನು ಕೆನಡಾ ಸರ್ಕಾರದ ಎನ್‌ಒಸಿ (ಉದ್ಯೋಗಗಳ ವರ್ಗೀಕರಣ) ಪಟ್ಟಿಯಿಂದ ಪದಶಃ ಇಳಿಸಬೇಡಿ, ಅನುಮಾನ ಬರುತ್ತದೆ. ಎಚ್‌ಆರ್ ಒಪ್ಪದಿದ್ದರೆ ಹಳೇ ಮೇಲಧಿಕಾರಿಯ ಪತ್ರ, ಸಂಬಳ ಚೀಟಿ, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಜೋಡಿಸಿ, ಏಕೆ ಸಿಗಲಿಲ್ಲವೆಂದು ಒಂದು ಪುಟದ ವಿವರಣೆ ಬರೆಯಿರಿ.

ಹೆಸರಿನ ವ್ಯತ್ಯಾಸಕ್ಕೆ ‘ಇಬ್ಬರೂ ಒಬ್ಬರೇ’ ಎಂಬ ನೋಟರಿ ಅಫಿಡವಿಟ್ ಮಾಡಿಸಿ. ಕನ್ನಡದ ಜನನ ಪ್ರಮಾಣಪತ್ರ ಇದ್ದರೆ ಇಂಗ್ಲಿಷ್ ಅನುವಾದವೂ ಬೇಕು. ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ನೀವಾಗಲಿ ಮನೆಯವರಾಗಲಿ ಅನುವಾದಿಸುವಂತಿಲ್ಲ.

ಕಾಯಂ ವಾಸಕ್ಕೆ ಅರ್ಜಿ ಹಾಕಿ ಎಂದು ಕೆನಡಾದಿಂದ ಆಹ್ವಾನ ಬಂದ ಮೇಲೆ, ದಾಖಲೆಗಳ ಜೊತೆ ಅರ್ಜಿ ಸಲ್ಲಿಸಲು ಸಿಗುವುದು 60 ದಿನ ಮಾತ್ರ. ಹಳೇ ಕಂಪನಿಯ ಬಾಗಿಲಿಗೆ ಈಗಲೇ ಹೋಗಿ.