ಸಂಪಾದಕರ ಉತ್ತರ: ಡೆಟ್ರಾಯಿಟ್‌ನ ಪಿಚರ್‌ಗಳು, ಟ್ರೇಡ್‌ಗಳು ಮತ್ತು ಅರ್ನಿ ಹಾರ್ವೆಲ್

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: 2025ರ ಬೇಸಿಗೆಯಲ್ಲಿ ಅಮೆರಿಕದ ಡೆಟ್ರಾಯಿಟ್ ಹತ್ತಿರದ ನೋವೈ ಊರಿನಲ್ಲಿ, ಮಗಳ ಮನೆಯಲ್ಲಿದ್ದೆ. ಪಕ್ಕದ ಮನೆಯ ಹಿರಿಯರು ಸಂಜೆಯಾದರೆ ಗ್ಯಾರೇಜಿನಲ್ಲಿ ರೇಡಿಯೊ ಹಾಕಿಕೊಂಡು ಡೆಟ್ರಾಯಿಟ್ ಟೈಗರ್ಸ್ ತಂಡದ ಬೇಸ್‌ಬಾಲ್ ಕೇಳುತ್ತಿದ್ದರು. ಗೆಳೆಯರು ಬಂದರೆ ಮೂರೇ ಮಾತು. ಪಿಚರ್ (ಚೆಂಡು ಎಸೆಯುವವನು) ಕೈ ಹೇಗಿದೆ, ಯಾರನ್ನು ಬೇರೆ ತಂಡಕ್ಕೆ ಟ್ರೇಡ್ ಮಾಡುತ್ತಾರೆ, ಅರ್ನಿ ಹಾರ್ವೆಲ್ ಇದ್ದಿದ್ದರೆ ಏನು ಹೇಳುತ್ತಿದ್ದರು. ಸಂತೆಯಲ್ಲಿ ಎತ್ತು ಮಾರುವ ಹಾಗೆ ಆಟಗಾರರನ್ನು ಮಾರುವ ತಂಡದ ಮೇಲೆ ಇಷ್ಟೊಂದು ಪ್ರೀತಿ ಯಾಕೆ? ತೀರಿಹೋಗಿ ಹದಿನೈದು ವರ್ಷವಾದ ಕಾಮೆಂಟೇಟರ್‌ನನ್ನು ನೆನೆದು ಕಣ್ಣೀರು ಯಾಕೆ? ಸ್ಕೂಬಲ್ ಎಂಬ ಪಿಚರ್‌ನನ್ನು ಕೊಡಬೇಕೋ ಬೇಡವೋ ಎಂಬ ಜಗಳ ಬೇರೆ. ನಿಮಗೇನನ್ನಿಸುತ್ತದೆ, ಬರೆಯಿರಿ.

ಮಾನ್ಯರೇ,

ಇದಕ್ಕೆ ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ. ಅದಕ್ಕೇ ಈ ಸಲದ ಪುಟ ಪೂರ್ತಿ ನಿಮ್ಮ ಪತ್ರಕ್ಕೆ.

ನೀವು ಮೂರು ವಿಷಯ ಬೇರೆ ಬೇರೆಯಾಗಿ ಕೇಳಿದ್ದೀರಿ. ಆ ಗ್ಯಾರೇಜಿನಲ್ಲಿ ಕೂತವರಿಗೆ ಮೂರೂ ಒಂದಕ್ಕೊಂದು ಸೇರಿಕೊಂಡೇ ಇವೆ. ಪಿಚರ್‌ನ ತೋಳು ಯಾವ ದಿನ ಬೇಕಾದರೂ ಹೋಗಬಹುದು. ಮೆಚ್ಚಿನ ಆಟಗಾರ ರಾತ್ರೋರಾತ್ರಿ ಬೇರೆ ಊರಿನವನಾಗಬಹುದು. ಅವರ ಹಳೆಯ ಟೈಗರ್ ಸ್ಟೇಡಿಯಂ ಕೂಡ ಉಳಿಯಲಿಲ್ಲ. 2000ದಲ್ಲಿ ತಂಡ ಕೊಮೆರಿಕಾ ಪಾರ್ಕ್‌ಗೆ ಬಂತು, ಹಳೆಯದನ್ನು ಆಮೇಲೆ ಕೆಡವಿದರು. ಇಷ್ಟೆಲ್ಲದರ ನಡುವೆ 42 ಸೀಸನ್ ಕಾಲ ಡೆಟ್ರಾಯಿಟ್ ಟೈಗರ್ಸ್ ಅಭಿಮಾನಿಗಳ ಜೊತೆಗಿದ್ದದ್ದು ಹಾರ್ವೆಲ್ ಅವರ ದನಿ. ಅಭಿಮಾನಿಗಳ ಪ್ರೀತಿ ಆ ದನಿಯ ಮೂಲಕವೇ ತಂಡಕ್ಕೆ ತಲುಪಿದ್ದು ಅಂತ ನಾನು ನಂಬುತ್ತೇನೆ.

ಮೊದಲು ಪಿಚರ್ ವಿಷಯ. ನಮ್ಮ ಕ್ರಿಕೆಟ್‌ನಲ್ಲಿ ಬೌಲರ್ ಮೊಣಕೈಯನ್ನು 15 ಡಿಗ್ರಿಗಿಂತ ಜಾಸ್ತಿ ನೆಟ್ಟಗೆ ಮಾಡಿದರೆ ತಪ್ಪು. ಬೇಸ್‌ಬಾಲ್‌ನಲ್ಲಿ ಆ ಮೊಣಕೈಯೇ ಎಲ್ಲ. ಪಿಚರ್ 10 ಇಂಚು ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು, ಓಡಿ ಬಾರದೆ, ಮೊಣಕೈ ಮಡಚಿ, ತೋಳನ್ನು ಹಿಂದಕ್ಕೆ ತಿರುಚಿ ಒಮ್ಮೆಲೇ ಬೀಸುತ್ತಾನೆ. ಅಲ್ಲಿಂದ ಬ್ಯಾಟರ್ ನಿಂತ ಜಾಗಕ್ಕೆ ಅರವತ್ತೂವರೆ ಅಡಿ. ಗಂಟೆಗೆ 150, 160 ಕಿಲೋಮೀಟರ್ ವೇಗದ ಚೆಂಡು ಅರ್ಧ ಸೆಕೆಂಡಿನೊಳಗೆ ಅಲ್ಲಿರುತ್ತದೆ. ಇದನ್ನು ಒಂದು ಪಂದ್ಯದಲ್ಲಿ ಸುಮಾರು 90, 100 ಸಲ ಮಾಡಬೇಕು. ಆಮೇಲೆ ನಾಲ್ಕೈದು ದಿನ ವಿಶ್ರಾಂತಿ, ಮತ್ತೆ ಅದೇ. ಮೊಣಕೈಯ ಒಳಬದಿಯ ಲಿಗಮೆಂಟ್ ಇಷ್ಟು ಎಳೆತ ತಾಳುವುದಿಲ್ಲ. ಹರಿಯುತ್ತದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ನ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಮೊಣಕೈಗೆ ಕಸಿ ಮಾಡಿದರು. ಈಗ ಆ ಆಪರೇಷನ್‌ಗೆ ಆ ಆಟಗಾರನ ಹೆಸರೇ ನಿಂತಿದೆ. ನೀವು ಹೆಸರಿಸಿದ ಟರಿಕ್ ಸ್ಕೂಬಲ್ ಕೂಡ ಕಾಲೇಜಿನಲ್ಲಿದ್ದಾಗಲೇ ಅದನ್ನು ಮಾಡಿಸಿಕೊಂಡವರು. 2022ರಲ್ಲಿ ಅದೇ ಎಡಗೈಗೆ ಮತ್ತೊಂದು ಆಪರೇಷನ್ ಆಯಿತು. ಹಾಗಿರುವಾಗ "ಕೈ ಹೇಗಿದೆ" ಅಂತ ದಿನಾ ಕೇಳುವುದು ಸುಮ್ನೆ ಹೊತ್ತು ಕಳೆಯುವ ಮಾತಲ್ಲ.

ಡೆಟ್ರಾಯಿಟ್‌ನವರಿಗೆ ಈ ಭಯ ಹಳೆಯದು. 1976ರಲ್ಲಿ ಮಾರ್ಕ್ ಫಿಡ್ರಿಚ್ ಎಂಬ 21 ವರ್ಷದ ಹುಡುಗ ಬಂದ. ಗುಂಗುರು ಕೂದಲು, ಉದ್ದನೆಯ ಕೈಕಾಲು. ಮಕ್ಕಳ ಟಿವಿ ಕಾರ್ಯಕ್ರಮದ ದೊಡ್ಡ ಹಳದಿ ಹಕ್ಕಿಯ ಹಾಗೆ ಕಾಣುತ್ತಾನೆ ಅಂತ "ದಿ ಬರ್ಡ್" ಅನ್ನೋ ಅಡ್ಡಹೆಸರು ಬಂದಿತ್ತು. ದಿಬ್ಬದ ಮೇಲೆ ಮಂಡಿಯೂರಿ ಕೂತು, ಹಿಂದಿನ ಪಿಚರ್ ಕಾಲಿಟ್ಟು ಮಾಡಿದ ಗುಂಡಿಗಳನ್ನು ಬರಿಗೈಯಿಂದ ಮುಚ್ಚಿ ಮಣ್ಣು ತಟ್ಟುತ್ತಿದ್ದ. ಚೆಂಡನ್ನು ಮುಖದ ಹತ್ತಿರ ಹಿಡಿದು ಅದರ ಜೊತೆ ಮಾತಾಡುತ್ತಿದ್ದ. ಅವನು ಎಸೆಯುವ ದಿನ ಸ್ಟೇಡಿಯಂ ಭರ್ತಿ. ಆ ವರ್ಷ ಅವನ ಹೆಸರಿಗೆ 19 ಗೆಲುವು. ಅದಕ್ಕಿಂತ ಮುಖ್ಯ, 24 ಪಂದ್ಯಗಳನ್ನು ಮೊದಲಿನಿಂದ ಕೊನೆವರೆಗೆ ಅವನೊಬ್ಬನೇ ಎಸೆದ. ಮರುವರ್ಷ ಮೊದಲು ಮಂಡಿ ಹೋಯಿತು, ಆಮೇಲೆ ಭುಜ. ಅಲ್ಲಿಂದ ಮುಂದೆ ನಾಲ್ಕು ವರ್ಷದಲ್ಲಿ ಬಂದದ್ದು ಬರೀ 10 ಗೆಲುವು. ಭುಜದ ಸ್ನಾಯು ಹರಿದಿದೆ ಅಂತ ವೈದ್ಯರು ಪತ್ತೆ ಹಚ್ಚಿದ್ದು 1985ರಲ್ಲಿ. ಅಷ್ಟರಲ್ಲಿ ಆಟ ಮುಗಿದೇಹೋಗಿತ್ತು. ಎಳೆಯ ಹುಡುಗನಿಂದ ಅಷ್ಟು ಎಸೆಸಿದ್ದು ತಪ್ಪು ಅಂತ ಇಂದಿಗೂ ಹೇಳುವವರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ.

1968ರಲ್ಲಿ ಇದೇ ತಂಡದ ಡೆನ್ನಿ ಮ್ಯಾಕ್‌ಲೇನ್ 336 ಇನಿಂಗ್ಸ್ (ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು) ಎಸೆದು 31 ಪಂದ್ಯ ಗೆದ್ದಿದ್ದರು. ಆಮೇಲೆ ಒಂದು ಸೀಸನ್‌ನಲ್ಲಿ 30 ಗೆಲುವು ಮುಟ್ಟಿದವರೇ ಇಲ್ಲ. ಸ್ಕೂಬಲ್ 2024ರಲ್ಲಿ ತಮ್ಮ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದಾಗ ಎಸೆದದ್ದು 192 ಇನಿಂಗ್ಸ್. ಪೂರ್ತಿ ಮುಗಿಸಿದ ಪಂದ್ಯ ಒಂದೂ ಇಲ್ಲ. ಮೊದಲ ಸಲ ಪೂರ್ತಿ ಎಸೆದದ್ದು 2025ರ ಮೇ 25ರಂದು, ಕ್ಲೀವ್‌ಲ್ಯಾಂಡ್ ಎದುರು. 94 ಎಸೆತ, 13 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಎದುರಾಳಿಗೆ ಸೊನ್ನೆ. ಕೊನೆಯ ಎಸೆತ ಗಂಟೆಗೆ 102.6 ಮೈಲಿ, ಅಂದರೆ ಸುಮಾರು 165 ಕಿಲೋಮೀಟರ್. ಅಷ್ಟು ಎಸೆದ ಮೇಲೂ ಕೈಯಲ್ಲಿ ಆ ವೇಗ ಉಳಿದಿತ್ತು!

ಆ ಗೆಳೆಯರು ಜಗಳಾಡಲು ಇನ್ನೊಂದು ರಾತ್ರಿಯೂ ಇದೆ. 2025ರ ಅಕ್ಟೋಬರ್ 10, ಸಿಯಾಟಲ್‌ನಲ್ಲಿ ಸರಣಿಯ ಐದನೇ ಪಂದ್ಯ. ಸೋತವರು ಮನೆಗೆ. ಸ್ಕೂಬಲ್ ಆರು ಇನಿಂಗ್ಸ್‌ನಲ್ಲಿ 13 ಜನರನ್ನು ಸ್ಟ್ರೈಕ್‌ಔಟ್ ಮಾಡಿದರು, ಅದರಲ್ಲಿ ಏಳು ಜನ ಸಾಲಾಗಿ. ಡೆಟ್ರಾಯಿಟ್ 2-1ರಿಂದ ಮುಂದಿತ್ತು. 99 ಎಸೆತ ಆಗಿದ್ದವು, ಅವರನ್ನು ಹೊರಗೆ ಕರೆದರು. ಮುಂದಿನ ಇನಿಂಗ್ಸ್‌ನಲ್ಲೇ ಸಿಯಾಟಲ್ ಸಮ ಮಾಡಿತು. 15ನೇ ಇನಿಂಗ್ಸ್‌ನಲ್ಲಿ 3-2ರಿಂದ ಗೆದ್ದಿತು. ಇನ್ನೊಂದು ಇನಿಂಗ್ಸ್ ಅವರಿಗೇ ಕೊಟ್ಟಿದ್ದರೆ? ಫಿಡ್ರಿಚ್ ನೆನಪಿರುವವರು "ಬೇಡ, ಕೈ ಉಳಿಯಲಿ" ಅನ್ನುತ್ತಾರೆ. ಉಳಿದವರು "ಕೈ ಉಳಿಸಿ ಏನು ಮಾಡ್ತೀರಿ, ಸೀಸನ್ನೇ ಹೋಯ್ತಲ್ಲ" ಅನ್ನುತ್ತಾರೆ. ಇಬ್ಬರದೂ ನ್ಯಾಯವೇ, ಅಲ್ವಾ?

ಇನ್ನು ಟ್ರೇಡ್. ಎತ್ತಿನ ಹೋಲಿಕೆ ಖಾರವಾಗಿದೆ, ಆದರೆ ಪೂರ್ತಿ ಸುಳ್ಳಲ್ಲ. ಒಪ್ಪಂದದಲ್ಲಿರುವ ಆಟಗಾರನನ್ನು ತಂಡ ಅವನ ಒಪ್ಪಿಗೆ ಕೇಳದೆಯೇ ಬೇರೆ ತಂಡಕ್ಕೆ ಕಳಿಸಬಹುದು. ಎಲ್ಲಕ್ಕಿಂತ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ 10 ವರ್ಷ, ಅದರಲ್ಲಿ ಕೊನೆಯ 5 ವರ್ಷ ಅದೇ ತಂಡದಲ್ಲಿ ಕಳೆದವರಿಗೆ ಮಾತ್ರ ಬೇಡ ಅನ್ನುವ ಹಕ್ಕಿದೆ. ಅಥವಾ ಒಪ್ಪಂದದಲ್ಲೇ ಬರೆಸಿಕೊಂಡಿರಬೇಕು. 2011ರಲ್ಲಿ ದ್ರಾವಿಡ್ ಬೆಂಗಳೂರು ಬಿಟ್ಟು ರಾಜಸ್ಥಾನ ರಾಯಲ್ಸ್ ಸೇರಿದಾಗ ನಮ್ಮವರಿಗೆ ಎಷ್ಟು ಬೇಜಾರಾಗಿತ್ತು ನೆನಪಿದೆಯಲ್ಲ. ಡೆಟ್ರಾಯಿಟ್‌ನವರು ಆ ಬೇಜಾರನ್ನು ಮತ್ತೆ ಮತ್ತೆ ಅನುಭವಿಸಿದ್ದಾರೆ.

ಅವರ ಬಾಯಲ್ಲಿ ಜಾಸ್ತಿ ಬರುವುದು 1987ರ ಆಗಸ್ಟ್ 12ರ ಟ್ರೇಡ್. ಟೈಗರ್ಸ್ ಟೊರಾಂಟೊ ಜೊತೆ ಅಗ್ರಸ್ಥಾನಕ್ಕೆ ಪೈಪೋಟಿಯಲ್ಲಿದ್ದರು, ಒಬ್ಬ ಪಿಚರ್ ತುರ್ತಾಗಿ ಬೇಕಿತ್ತು. ಅಟ್ಲಾಂಟಾದಿಂದ 36 ವರ್ಷದ ಡಾಯ್ಲ್ ಅಲೆಕ್ಸಾಂಡರ್ ಬಂದರು. ಬದಲಿಗೆ ಜಾನ್ ಸ್ಮೋಲ್ಟ್ಜ್ ಎಂಬ 20 ವರ್ಷದ ಹುಡುಗ ಹೋದ. ಅವನು ಅದೇ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ ಟೈಗರ್ಸ್ ಅಭಿಮಾನಿಯಾಗಿಯೇ ಬೆಳೆದವನು. ಅಲೆಕ್ಸಾಂಡರ್ 9 ಗೆದ್ದರು, ಒಂದೂ ಸೋಲಲಿಲ್ಲ. ಅವರು ಶುರು ಮಾಡಿದ 11 ಪಂದ್ಯಗಳನ್ನೂ ತಂಡ ಗೆದ್ದಿತು. ಸೀಸನ್‌ನ ಕೊನೆಯ ದಿನ ಟೊರಾಂಟೊವನ್ನು 1-0ಯಿಂದ ಸೋಲಿಸಿ ಟೈಗರ್ಸ್ ಮೇಲೆ ಬಂದರು, ಆದರೆ ಮುಂದಿನ ಸುತ್ತಿನಲ್ಲಿ ಮಿನೆಸೋಟಾ ಎದುರು ಸೋತರು. ಎರಡು ವರ್ಷದ ಮೇಲೆ ಅಲೆಕ್ಸಾಂಡರ್ ನಿವೃತ್ತರಾದರು. ಸ್ಮೋಲ್ಟ್ಜ್ ಅಟ್ಲಾಂಟಾದಲ್ಲಿ ಎರಡು ದಶಕ ಮಿಂಚಿ, 2015ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು.

ಇದನ್ನು ದೊಡ್ಡ ಮೂರ್ಖತನ ಅನ್ನುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಟ್ರೇಡನ್ನು ಅದು ನಡೆದ ದಿನ ಗೊತ್ತಿದ್ದ ವಿಷಯದ ಮೇಲೆ ತೂಗಬೇಕು. ಅಂದು ಸ್ಮೋಲ್ಟ್ಜ್ ಕೆಳಹಂತದ ಮೈನರ್ ಲೀಗ್‌ನಲ್ಲಿ ತಡವರಿಸುತ್ತಿದ್ದ ಹುಡುಗ. ಅಲೆಕ್ಸಾಂಡರ್ ಇಲ್ಲದಿದ್ದರೆ ಆ ಅಕ್ಟೋಬರ್ ಡೆಟ್ರಾಯಿಟ್‌ಗೆ ಸಿಗುತ್ತಲೇ ಇರಲಿಲ್ಲ. ಆದರೂ ನಮ್ಮೂರ ಹುಡುಗ ಬೇರೆಯವರ ಅಂಗಿ ತೊಟ್ಟು ದೊಡ್ಡವನಾದ ಅನ್ನೋ ನೋವಿದೆಯಲ್ಲ, ಅದಕ್ಕೆ ಲೆಕ್ಕ ತೋರಿಸಿ ಸಮಾಧಾನ ಹೇಳಲು ಆಗುವುದಿಲ್ಲ. 2017ರ ಆಗಸ್ಟ್ 31ರ ಮಧ್ಯರಾತ್ರಿ, ಗಡುವು ಮುಗಿಯಲು ಕೆಲವೇ ಕ್ಷಣ ಇದ್ದಾಗ ಜಸ್ಟಿನ್ ವರ್ಲ್ಯಾಂಡರ್ ಹ್ಯೂಸ್ಟನ್‌ಗೆ ಹೋದರು. ಬೇಡ ಅನ್ನುವ ಹಕ್ಕಿದ್ದೂ ಅವರು ಒಪ್ಪಿದ್ದರು. ಎರಡೇ ತಿಂಗಳಲ್ಲಿ ಹ್ಯೂಸ್ಟನ್ ಸೀಸನ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಡೆಟ್ರಾಯಿಟ್‌ನಲ್ಲಿ ಬಹಳ ಜನ ಅಂದು ವರ್ಲ್ಯಾಂಡರ್‌ಗಾಗಿ ಖುಷಿಪಟ್ಟರು, ತಮಗಾಗಿ ಬೇಸರಪಟ್ಟರು.

ಈಗ ಹಾರ್ವೆಲ್ ಅವರ ಮಾತಿಗೆ ಬರೋಣ. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ಅವರೂ ಒಮ್ಮೆ ಟ್ರೇಡ್ ಆದವರೇ! 1948ರಲ್ಲಿ ಅಟ್ಲಾಂಟಾ ಕ್ರ್ಯಾಕರ್ಸ್ ಎಂಬ ಮೈನರ್ ಲೀಗ್ ತಂಡಕ್ಕೆ ರೇಡಿಯೊ ಕಾಮೆಂಟರಿ ಹೇಳುತ್ತಿದ್ದರು. ಬ್ರೂಕ್ಲಿನ್ ಡಾಜರ್ಸ್‌ನ ಕಾಮೆಂಟೇಟರ್ ರೆಡ್ ಬಾರ್ಬರ್ ಕಾಯಿಲೆ ಬಿದ್ದಾಗ ಬ್ರೂಕ್ಲಿನ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಇವರನ್ನು ಕೇಳಿದರು. ಸುಮ್ಮನೆ ಬಿಡುವುದಿಲ್ಲ, ನಮಗೊಬ್ಬ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಬೇಕು ಅಂತ ಅಟ್ಲಾಂಟಾದ ಮಾಲೀಕ ಅರ್ಲ್ ಮ್ಯಾನ್ ಪಟ್ಟು ಹಿಡಿದರು. ಕೊನೆಗೆ ಕ್ಲಿಫ್ ಡ್ಯಾಪರ್ ಎಂಬ ಕ್ಯಾಚರ್ ಅಟ್ಲಾಂಟಾಕ್ಕೆ ಹೋದ, ಹಾರ್ವೆಲ್ ಬ್ರೂಕ್ಲಿನ್‌ಗೆ ಬಂದರು. ಆಟಗಾರನ ಬದಲಿಗೆ ಕಾಮೆಂಟೇಟರ್ ಟ್ರೇಡ್ ಆದದ್ದು ಮೇಜರ್ ಲೀಗ್ ಇತಿಹಾಸದಲ್ಲಿ ಇದೊಂದೇ. ಆ ಇಬ್ಬರೂ ಮುಖಾಮುಖಿ ಭೇಟಿಯಾದದ್ದು 2002ರಲ್ಲಿ, ಕೊಮೆರಿಕಾ ಪಾರ್ಕ್‌ನಲ್ಲಿ ಹಾರ್ವೆಲ್ ಪ್ರತಿಮೆ ಅನಾವರಣವಾದಾಗ.

ಅವರು ಜಾರ್ಜಿಯಾ ರಾಜ್ಯದವರು. ಚಿಕ್ಕಂದಿನಲ್ಲಿ ಮಾತು ತೊದಲುತ್ತಿತ್ತು, ಪಾಠ ಹೇಳಿಸಿಕೊಂಡು ಸರಿಮಾಡಿಕೊಂಡರು. 1960ರಲ್ಲಿ ಡೆಟ್ರಾಯಿಟ್‌ಗೆ ಬಂದರು. ಪ್ರತಿ ವರ್ಷ ವಸಂತದ ಮೊದಲ ಪ್ರಸಾರವನ್ನು ಬೈಬಲ್‌ನ ಸಾಲುಗಳಿಂದ ಶುರು ಮಾಡುತ್ತಿದ್ದರು. ಚಳಿಗಾಲ ಕಳೆಯಿತು, ಮಳೆ ನಿಂತಿತು, ಹಕ್ಕಿ ಹಾಡುವ ಕಾಲ ಬಂತು ಅನ್ನುವ ಸಾಲುಗಳು. ಮಿಷಿಗನ್‌ನ ಹಿಮ ತಿಂಗಳುಗಟ್ಟಲೆ ಕರಗುವುದಿಲ್ಲ. ಅಂಥ ಊರಿನಲ್ಲಿ ಇದನ್ನು ಕೇಳಿದ ಮೇಲೇ ಬೇಸಿಗೆ ಬರುತ್ತದೆ ಅಂತ ಜನರಿಗೆ ಭರವಸೆ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಬ್ಯಾಟ್‌ಗೆ ತಾಗಿದ ಚೆಂಡು ಅಡ್ಡ ಹಾರಿ ಜನರ ನಡುವೆ ಬಿದ್ದರೆ, ಅದನ್ನು ಹಿಡಿದವರು ಇಂಥ ಊರಿನವರು ಅಂತ ಹೇಳಿಬಿಡುತ್ತಿದ್ದರು. ಒಮ್ಮೆ ಇಪ್ಸಿಲಾಂಟಿ, ಒಮ್ಮೆ ಸ್ಯಾಗಿನಾ. ಅವರಿಗೆ ಗೊತ್ತಿರುತ್ತಿರಲಿಲ್ಲ, ಬಾಯಿಗೆ ಬಂದ ಊರು. ಆದರೆ ಆ ಊರಿನಲ್ಲಿ ರೇಡಿಯೊ ಕೇಳುತ್ತಾ ಕೂತವನಿಗೆ ತನ್ನವರೊಬ್ಬರು ಸ್ಟೇಡಿಯಂನಲ್ಲಿ ಇದ್ದಾರೆ ಅನ್ನಿಸುತ್ತಿತ್ತು. ಕಾರ್ಖಾನೆಯ ಪಾಳಿಯಲ್ಲಿದ್ದವರು, ಹೊಲದಲ್ಲಿದ್ದವರು, ದಿಂಬಿನ ಕೆಳಗೆ ಟ್ರಾನ್ಸಿಸ್ಟರ್ ಬಚ್ಚಿಟ್ಟುಕೊಂಡ ಮಕ್ಕಳು, ಎಲ್ಲರೂ ಹೀಗೇ ಟೈಗರ್ಸ್‌ನವರಾದರು.

ತಂಡ ಏನು ಮಾಡಿದರೂ ಅಭಿಮಾನಿಗಳು ಬಾಯಿ ಮುಚ್ಚಿಕೊಂಡು ಇರುತ್ತಾರೆ ಅನ್ನೋ ಧಾಟಿ ನಿಮ್ಮ ಪತ್ರದಲ್ಲಿದೆ. 1990ರ ಡಿಸೆಂಬರ್‌ನಲ್ಲಿ ಏನಾಯಿತು ನೋಡಿ. 1991ರ ಸೀಸನ್ನೇ ಹಾರ್ವೆಲ್‌ಗೆ ಕೊನೆ, ಒಪ್ಪಂದ ಮುಂದುವರಿಸುವುದಿಲ್ಲ ಎಂಬ ಸುದ್ದಿ ಬಂತು. ಊರಿಗೆ ಊರೇ ಸಿಟ್ಟಿಗೆದ್ದಿತು. ಕಾರುಗಳ ಹಿಂದೆ ಸ್ಟಿಕ್ಕರ್, ಪತ್ರಿಕೆಗಳಿಗೆ ಪತ್ರ, ಬಹಿಷ್ಕಾರದ ಮಾತು. ಆಟಗಾರರ ಟ್ರೇಡ್ ಆದಾಗ ಗೊಣಗಿ ಸುಮ್ಮನಾಗುತ್ತಿದ್ದ ಜನ ಈ ಸಲ ಸುಮ್ಮನಾಗಲಿಲ್ಲ. 1992ರಲ್ಲಿ ಮೈಕ್ ಇಲಿಚ್ ತಂಡವನ್ನು ಕೊಂಡರು, 1993ರಲ್ಲಿ ಹಾರ್ವೆಲ್ ಮರಳಿ ಬಂದರು. ಆಮೇಲೆ 2002ರವರೆಗೆ ಇದ್ದು, ತಾವಾಗಿಯೇ ಬಿಟ್ಟರು.

2009ರಲ್ಲಿ ಅವರಿಗೆ ಗುಣವಾಗದ ಕ್ಯಾನ್ಸರ್ ಅಂತ ತಿಳಿಯಿತು. ಸೆಪ್ಟೆಂಬರ್ 16ರಂದು ಪಂದ್ಯದ ಮಧ್ಯೆ ಮೈದಾನಕ್ಕೆ ಬಂದು ಮಾತಾಡಿದರು. ದೂರು ಇಲ್ಲ, ಗೋಳು ಇಲ್ಲ. ತಮ್ಮ ಪಯಣ ಮಿಷಿಗನ್‌ನಲ್ಲಿ ಮುಗಿಯುತ್ತಿರುವುದೇ ಭಾಗ್ಯ ಅಂದು, ಜನರಿಗೆ ಥ್ಯಾಂಕ್ಸ್ ಹೇಳಿದರು. 2010ರ ಮೇ 4ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊಮೆರಿಕಾ ಪಾರ್ಕ್‌ನಲ್ಲಿ ಅವರ ಪ್ರತಿಮೆಯ ಹತ್ತಿರವೇ ದೇಹವನ್ನು ಇಟ್ಟಾಗ ಸಾವಿರಾರು ಜನ ರಾತ್ರಿಯೆಲ್ಲ ಸಾಲಿನಲ್ಲಿ ಬಂದು ನಮಸ್ಕರಿಸಿ ಹೋದರು. ನಿಮ್ಮ ನೆರೆಯ ಹಿರಿಯರಿಗೆ ಹಾರ್ವೆಲ್ ಬರೀ ಕಾಮೆಂಟೇಟರ್ ಅಲ್ಲ, ತಮ್ಮ ಅಪ್ಪನ ಜೊತೆ ಕೂತು ಕೇಳಿದ ದನಿಯೂ ಆಗಿರಬಹುದು. ಒಮ್ಮೆ ಕೇಳಿ ನೋಡಿ. ಈಗ ರೇಡಿಯೊದಲ್ಲಿ ಹೇಳುವ ಡ್ಯಾನ್ ಡಿಕರ್ಸನ್ ಕೂಡ ಹಾರ್ವೆಲ್ ಅವರ ಪಕ್ಕದಲ್ಲೇ ಕೂತು ಕೆಲಸ ಕಲಿತವರು.

ಕೊನೆಗೆ ಸ್ಕೂಬಲ್. 2025ರಲ್ಲೂ ಸೈ ಯಂಗ್ ಪ್ರಶಸ್ತಿ ಅವರಿಗೇ ಬಂತು, ಸಾಲಾಗಿ ಎರಡನೇ ಸಲ. 2026ರ ಸೀಸನ್ ಮುಗಿದರೆ ಎಲ್ಲಿ ಬೇಕಾದರೂ ಹೋಗುವ ಸ್ವಾತಂತ್ರ್ಯ ಅವರಿಗೆ ಸಿಗುತ್ತದೆ. ಹಾಗಾಗಿ ಹೇಗೂ ಹೋಗುವವರು, ಈಗಲೇ ಕೊಟ್ಟು ನಾಲ್ಕು ಜನ ಎಳೆಯರನ್ನು ತಂದುಕೊಳ್ಳಿ ಅನ್ನುವುದು ಒಂದು ಪಕ್ಷ. ಲೆಕ್ಕಕ್ಕೆ ಅದು ಸರಿ. ಆದರೂ ನಾನು ಇಟ್ಟುಕೊಳ್ಳಿ ಅನ್ನುವವರ ಕಡೆ. ವರ್ಲ್ಯಾಂಡರ್ ಬದಲಿಗೆ ಬಂದ ಮೂವರಲ್ಲಿ ತಂಡದಲ್ಲಿ ನೆಲೆ ನಿಂತವರು ಜೇಕ್ ರಾಜರ್ಸ್ ಎಂಬ ಕ್ಯಾಚರ್ ಒಬ್ಬರೇ. ಎಳೆಯರು ಮುಂದೆ ಏನಾಗುತ್ತಾರೋ ಯಾರಿಗೂ ಗೊತ್ತಿಲ್ಲ. ಸ್ಕೂಬಲ್ ಏನು ಅಂತ ಈಗಲೇ ಗೊತ್ತಿದೆ. 1984ರ ನಂತರ ಟೈಗರ್ಸ್ ವರ್ಲ್ಡ್ ಸೀರೀಸ್ ಗೆದ್ದಿಲ್ಲ. ಇಂಥ ಪಿಚರ್ ಕೈಯಲ್ಲಿರುವ ವರ್ಷವನ್ನು ಮುಂದಿನ ಯಾವುದೋ ವರ್ಷಕ್ಕಾಗಿ ಬಿಟ್ಟುಕೊಡಬಾರದು. ನೀವು ಯಾವ ಕಡೆ ಅಂತ ಪತ್ರದಲ್ಲಿ ಹೇಳಲೇ ಇಲ್ಲ. ಮುಂದಿನ ಸಲ ಅದನ್ನೂ ಬರೆಯಿರಿ.

— ಸಂಪಾದಕ