ಬೇಗ ಕೆರಳುವ ಚರ್ಮಕ್ಕೆ ಮನೆಯಲ್ಲೇ ಸೋಪು ಮಾಡಿಕೊಳ್ಳಬಹುದೇ?

ಪ್ರಶ್ನೆ: ನನ್ನದು ಒಣ ಚರ್ಮ, ಬೇಗ ಕೆರಳುತ್ತದೆ. ಯಾವ ಸೋಪು ಹಚ್ಚಿದರೂ ಸ್ನಾನವಾದ ಮೇಲೆ ಮೈ ಬಿಗಿದಂತಾಗಿ ತುರಿಕೆ ಶುರುವಾಗುತ್ತದೆ. ಮನೆಯಲ್ಲೇ ಸರಳವಾಗಿ ಸೋಪು ಮಾಡಿಕೊಳ್ಳುವ ಆಸೆ. ಕಾಸ್ಟಿಕ್ ಸೋಡಾ ಇಲ್ಲದೆ ಮಾಡಬಹುದೇ? ಪರಿಮಳಕ್ಕೆ ಲ್ಯಾವೆಂಡರ್ ಎಣ್ಣೆ ಸೇರಿಸಿದರೆ ಚರ್ಮಕ್ಕೂ ಒಳ್ಳೆಯದಲ್ಲವೇ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಆದರೆ ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪು ಆಗುವುದಿಲ್ಲ. ಎಣ್ಣೆಯೂ ಈ ಸೋಡಾ ಎಂಬ ಕ್ಷಾರವೂ ಕೂಡಿ, ಎರಡೂ ಅಲ್ಲದ ಸೋಪು ಮತ್ತು ಗ್ಲಿಸರಿನ್ ಆಗಿ ಬದಲಾಗುತ್ತವೆ. ಅಳತೆ ಸರಿಯಿದ್ದರೆ ಕೊನೆಗೆ ಸೋಡಾ ಉಳಿಯುವುದೇ ಇಲ್ಲ. ಕರಗಿಸಿ ಅಚ್ಚಿಗೆ ಹೊಯ್ಯುವ ಸಿದ್ಧ ಬೇಸ್ ಸಿಗುತ್ತದಲ್ಲ, ಅದು ಸೋಪೇ ಆಗಿದ್ದರೆ ಕ್ಷಾರದ ಕೆಲಸವನ್ನು ಬೇರೆಯವರು ಮೊದಲೇ ಮುಗಿಸಿರುತ್ತಾರೆ, ಅಷ್ಟೆ. ಪುಟ್ಟ ಮಕ್ಕಳು ಓಡಾಡುವ ಮನೆಯಾದರೆ, ಅಥವಾ ಸೋಡಾ ಮುಟ್ಟಲು ಭಯವಿದ್ದರೆ, ಬಣ್ಣ-ಸುವಾಸನೆ ಇಲ್ಲದ ಅಂಥ ಬೇಸ್ ತಂದು ಬಳಸಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಎಣ್ಣೆಯ ಆಯ್ಕೆಯಲ್ಲಿ ಬಹಳ ಜನ ಎಡವುತ್ತಾರೆ. ಕೊಬ್ಬರಿ ಎಣ್ಣೆ ಮೈಗೆ ಮೃದು, ಹಾಗಾಗಿ ಅದರ ಸೋಪೂ ಮೃದು ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಆಮ್ಲ ಹೆಚ್ಚು. ಅದರಿಂದಾದ ಸೋಪು ಧಾರಾಳವಾಗಿ ನೊರೆ ಕೊಡುತ್ತದೆ, ಕೊಳೆಯ ಜತೆಗೆ ಚರ್ಮದ ಸ್ವಂತ ಜಿಡ್ಡನ್ನೂ ತೊಳೆದುಬಿಡುತ್ತದೆ. ನೀವು ಹೇಳುವ ಬಿಗಿತ ಬರುವುದು ಬಹುಪಾಲು ಹೀಗೆಯೇ. ಒಲೇಯಿಕ್ ಆಮ್ಲ ಹೆಚ್ಚಿರುವ ಆಲಿವ್ ಎಣ್ಣೆಯ ಸೋಪಿಗೆ ನೊರೆ ಕಡಿಮೆ, ಆದರೆ ಚರ್ಮಕ್ಕೆ ಸೌಮ್ಯ. ನಿಮ್ಮಂಥವರಿಗೆ ಕೊಬ್ಬರಿ ಎಣ್ಣೆ ಶೇ 15ರಿಂದ 20ರೊಳಗೇ ಇರಲಿ.

ನಾನು ಸೂಚಿಸುವ ಅಳತೆ ಇದು: ಆಲಿವ್ ಎಣ್ಣೆ 400 ಗ್ರಾಂ, ಕೊಬ್ಬರಿ ಎಣ್ಣೆ 75 ಗ್ರಾಂ, ಹರಳೆಣ್ಣೆ 25 ಗ್ರಾಂ, ಶುದ್ಧ ಸೋಡಿಯಂ ಹೈಡ್ರಾಕ್ಸೈಡ್ (ಅಂದರೆ ಕಾಸ್ಟಿಕ್ ಸೋಡಾ) 65 ಗ್ರಾಂ, ಭಟ್ಟಿ ಇಳಿಸಿದ ನೀರು 140 ಗ್ರಾಂ. ಎಲ್ಲವನ್ನೂ, ನೀರನ್ನೂ ಸಹ, ಡಿಜಿಟಲ್ ತಕ್ಕಡಿಯಲ್ಲೇ ತೂಗಿ. ಲೋಟ, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಷ್ಟು ಎಣ್ಣೆ ಪೂರ್ತಿ ಸೋಪಾಗಲು ಸುಮಾರು 70 ಗ್ರಾಂ ಸೋಡಾ ಬೇಕು. ಬೇಕೆಂದೇ ಕಡಿಮೆ ಹಾಕುವುದರಿಂದ ಸುಮಾರು ಶೇ 8ರಷ್ಟು ಎಣ್ಣೆ ಸೋಪಾಗದೆ ಉಳಿದು ಚರ್ಮಕ್ಕೆ ಆಸರೆಯಾಗುತ್ತದೆ. ಎಣ್ಣೆ ಬದಲಿಸಿದರೆ ಸೋಡಾದ ಲೆಕ್ಕವೂ ಬದಲಾಗುತ್ತದೆ, ಒಂದರ ಜಾಗಕ್ಕೆ ಇನ್ನೊಂದನ್ನು ಹಾಗೆಯೇ ಸುರಿಯಬೇಡಿ.

ಕಣ್ಣು ಪೂರ್ತಿ ಮುಚ್ಚುವ ಸುರಕ್ಷತಾ ಕನ್ನಡಕ, ರಬ್ಬರ್ ಕೈಗವಸು, ತುಂಬುತೋಳಿನ ಬಟ್ಟೆ ಹಾಕಿಕೊಂಡು, ಕಿಟಕಿ ತೆರೆದು ಕೆಲಸಕ್ಕೆ ಕೂರಿ. ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಹೊಯ್ಯಲೇಬಾರದು, ಸಿಡಿಯುತ್ತದೆ. ಕಲಕಿದ ಕೂಡಲೇ ದ್ರಾವಣ ಕೈ ಸುಡುವಷ್ಟು ಬಿಸಿಯೇರುತ್ತದೆ, ಆವಿಯನ್ನು ಮೂಸಬೇಡಿ. ಪಾತ್ರೆ ಸ್ಟೀಲಿನದೇ ಆಗಿರಲಿ. ಅಲ್ಯೂಮಿನಿಯಂ ಆದರೆ ಸೋಡಾ ಅದನ್ನು ತಿಂದು, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಡಿಸುತ್ತದೆ. ಮೈಮೇಲೆ ಹನಿ ಬಿದ್ದರೆ ವಿನೆಗರ್ ಹುಡುಕುತ್ತಾ ಹೊತ್ತು ಕಳೆಯದೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹಾಗೆಯೇ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಆಮೇಲಿನದು ಸುಲಭ. ದ್ರಾವಣವೂ ಎಣ್ಣೆಯೂ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಸೇರಿಸಿ, ಹ್ಯಾಂಡ್ ಬ್ಲೆಂಡರ್‌ನಿಂದ ಬಿಟ್ಟು ಬಿಟ್ಟು ಕಡೆಯಿರಿ. ಚಮಚದಿಂದ ಹನಿಸಿದ ಗೆರೆ ಮೇಲ್ಮೈಯಲ್ಲಿ ಕ್ಷಣಕಾಲ ನಿಂತರೆ ಅಚ್ಚಿಗೆ ಸುರಿಯುವ ಹದ. ಎರಡು ಮೂರು ದಿನಗಳಲ್ಲಿ ಗಟ್ಟಿಯಾದ ಮೇಲೆ ಕೈಗವಸು ಹಾಕಿಕೊಂಡೇ ಕತ್ತರಿಸಿ, ಗಾಳಿಯಾಡುವ ಕಡೆ ಒಂದಕ್ಕೊಂದು ತಾಗದಂತೆ ಜೋಡಿಸಿಡಿ. ಕನಿಷ್ಠ ಆರು ವಾರ ಮುಟ್ಟಬೇಡಿ. ಆಲಿವ್ ಎಣ್ಣೆ ಇಷ್ಟು ಪ್ರಮಾಣದಲ್ಲಿರುವ ಸೋಪನ್ನು ಮೂರು ತಿಂಗಳು ಬಿಟ್ಟರೆ ಇನ್ನೂ ಸೊಗಸು. ನೀರು ಆರಿ ಗಟ್ಟಿಯಾಗುತ್ತದೆ, ಕೈಗೂ ಹಿತವಾಗುತ್ತದೆ.

ಲ್ಯಾವೆಂಡರ್ ಎಣ್ಣೆ ದಯವಿಟ್ಟು ಬೇಡ. ಗಿಡದಿಂದ ಬಂದದ್ದೆಲ್ಲ ನಿರುಪದ್ರವಿ ಎಂಬ ನಂಬಿಕೆಯಿಂದ ಎಷ್ಟೋ ಜನ ನರಳುತ್ತಾರೆ. ಲ್ಯಾವೆಂಡರ್‌ನಲ್ಲಿರುವ ಲಿನಲೂಲ್ ಗಾಳಿಗೆ ತೆರೆದುಕೊಂಡು ಬದಲಾದಾಗ ಅಲರ್ಜಿ ತರಬಲ್ಲದು, ನಿಂಬೆಜಾತಿಯ ಎಣ್ಣೆಗಳ ಲಿಮೊನಿನ್ ಕೂಡ ಹಾಗೆಯೇ. ಬಣ್ಣವೂ ಬೇಡ. ಏನಾದರೂ ಹಾಕಲೇಬೇಕೆನಿಸಿದರೆ, ನುಣ್ಣಗೆ ಪುಡಿಮಾಡಿ ಜರಡಿ ಹಿಡಿದ ಓಟ್ಸ್ 10 ಗ್ರಾಂ ಸಾಕು. ತರಿ ಇದ್ದರೆ ಚರ್ಮವನ್ನು ಗೀರುತ್ತದೆ.

ಇನ್ನೊಂದು ಮಾತು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಎಷ್ಟೇ ಜೋಪಾನವಾಗಿ ಮಾಡಿದರೂ ನಿಜವಾದ ಸೋಪು ಕ್ಷಾರೀಯವೇ. ಅದರ ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟ ಹೇಳುವ ಅಂಕಿ, ಸಾಮಾನ್ಯವಾಗಿ 9ರಿಂದ 10ರ ಆಸುಪಾಸು, ಆರೋಗ್ಯವಂತ ಚರ್ಮದ್ದು ಸುಮಾರು 5. ಆ ಅಂತರ ಇಳಿಸಲು ನಿಂಬೆರಸ ಬೆರೆಸಿದರೆ ಸೋಪೇ ಒಡೆಯುತ್ತದೆ. ಬಿರುಕು, ಕೀವು ನೀರು ಒಸರುವ ಇಸುಬು ಇದ್ದವರಿಗೆ, ಎಳೆಗೂಸುಗಳಿಗೆ ಈ ಸೋಪು ತಕ್ಕದ್ದಲ್ಲ. ಅವರಿಗೆ ಸುವಾಸನೆಯಿಲ್ಲದ, ಪಿಎಚ್ ಕಡಿಮೆಯಿರುವ, ಸೋಪಲ್ಲದ ಕ್ಲೆನ್ಸರ್ ಮೇಲು. ನೀವೂ ಮೊದಲು ಮೊಣಕೈ ಒಳಮಡಿಕೆಯಲ್ಲಿ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ತೊಳೆದು ನೋಡಿ. ಕೆಂಪಾದರೆ ಅಲ್ಲಿಗೇ ನಿಲ್ಲಿಸಿ, ಚರ್ಮವೈದ್ಯರನ್ನು ಕಾಣಿ.

ಪ್ರಶ್ನೆ: ನಾನು ಮಾಡಿದ ಸೋಪಿನ ಮೇಲೆ ಬಿಳಿ ಪುಡಿ ಕೂತಿದೆ. ಹಾಳಾಗಿದೆಯೇ?

ಉತ್ತರ: ಮೇಲ್ಪದರದಲ್ಲಷ್ಟೇ ತೆಳ್ಳಗೆ ಕೂತಿದ್ದರೆ ಅದು ಸಾಮಾನ್ಯವಾಗಿ ಸೋಡಿಯಂ ಕಾರ್ಬೊನೇಟ್. ಇನ್ನೂ ಎಣ್ಣೆಯೊಂದಿಗೆ ಕೂಡದಿದ್ದ ಸೋಡಾ ಗಾಳಿಯ ಇಂಗಾಲದ ಡೈಆಕ್ಸೈಡ್ ಜತೆ ಸೇರಿ ಆದದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಒಂದನ್ನು ಅಡ್ಡ ಕೊಯ್ದು ನೋಡಿ. ಒಳಗೂ ಬಿಳಿ ಗಂಟುಗಳಿದ್ದರೆ, ನೀರು ಜಿನುಗುತ್ತಿದ್ದರೆ, ಅಥವಾ ನೊರೆಗೆ ತಾಗಿಸಿದ ಪಿಎಚ್ ಪಟ್ಟಿ 11 ದಾಟಿದರೆ ಆ ಸೋಪನ್ನು ಮೈಗೆ ಹಚ್ಚಬೇಡಿ.